ಗೊತ್ತಿಲ್ಲದವರ ಎಡೆ

ಮೂವತ್ತೊಂದು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನಾನೇ ನನ್ನ ವಿದ್ಯಾರ್ಥಿನಿಯೊಬ್ಬಳ ಕಥೆಯನ್ನು ಬ್ಲೇಡು ಹಿಡಿದು ಕತ್ತರಿಸಿದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಯಾರನ್ನಾದರೂ ಬೈದರೆ, ಬೈಯುತ್ತಿರುವವನು ಎಂಥವನು ಎಂಬುದು ಓದುವವರಿಗೆ ತಿಳಿದಿರಲಿ.

ನನ್ನ ಹೆಸರು ಶಿವರುದ್ರಪ್ಪ. ಹೂಟಗಳ್ಳಿಯಲ್ಲಿ ನೆಲಬಾವಿ ಮಠದವರು ನಡೆಸುವ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಬರುವ ಮಾರ್ಚಿಗೆ ನಿವೃತ್ತಿ. ಮಠದ ಅನ್ನ ತಿಂದೇ ಓದಿದವನು ನಾನು. ಹಾಸ್ಟೆಲಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂರುತ್ತಿದ್ದ ಹುಡುಗನೇ ಈಗ ಮಠದ ಪೀಠದ ಮೇಲಿರುವ ಸ್ವಾಮಿಗಳು. ನಮ್ಮ ಕಡೆ ಸ್ವಾಮಿಗಳನ್ನು ಬುದ್ದಿ ಎನ್ನುತ್ತೇವೆ. ಅವರ ಹಳೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೀಕ್ಷೆಯಾದ ದಿನವೇ ಆ ಹೆಸರು, ಊರು, ತಂದೆ ತಾಯಿ ಎಲ್ಲ ಕಳಚಿಹೋದವು. ಅವರ ತಾಯಿ ಆಮೇಲೆ ಪ್ರತಿ ಹುಣ್ಣಿಮೆಗೂ ಮಠಕ್ಕೆ ಬರುತ್ತಿದ್ದರು. ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ಮಗನ ಪಾದಕ್ಕೆ ನಮಸ್ಕರಿಸಿ, ವಿಭೂತಿ ಪಡೆದು ಹೋಗುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಅವರು ತೀರಿಕೊಂಡಾಗ ಮಠದಿಂದ ಒಂದು ಹೂವಿನ ಹಾರ ಹೋಯಿತು. ಮಗ ಹೋಗಲಿಲ್ಲ, ಹೋಗುವಂತಿರಲಿಲ್ಲ.

ಹತ್ತನೆಯ ತರಗತಿಯ ಪುಸ್ತಕದಿಂದ ಜೀವವಿಕಾಸದ ಪಾಠವನ್ನು ಮೇಲಿನವರು ತೆಗೆದುಹಾಕಿದ ಮೇಲೂ ನಾನು ಅದನ್ನು ಬಿಟ್ಟಿರಲಿಲ್ಲ. ಪರೀಕ್ಷೆಗೆ ಬರುವುದಿಲ್ಲ, ಆದರೂ ಕೇಳಿ ಎಂದು ಎರಡು ಪೀರಿಯಡ್ಡು ಹೇಳುತ್ತಿದ್ದೆ. ನನ್ನ ಎಡಗಿವಿಯನ್ನು ಅಲ್ಲಾಡಿಸಲು ನನಗೆ ಬರುತ್ತದೆ. ಅದನ್ನು ಅಲ್ಲಾಡಿಸಿ ತೋರಿಸಿ, ಈ ಸ್ನಾಯು ಈಗ ನಮಗೆ ಯಾವ ಕೆಲಸಕ್ಕೂ ಬೇಡ, ಯಾರೋ ಹಿಂದಿನವರು ಬಿಟ್ಟುಹೋದದ್ದು ಎನ್ನುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಈ ವರ್ಷ ನಗದೆ ಕೂತಿದ್ದವಳು ಒಬ್ಬಳೇ, ರಕ್ಷಿತಾ.

ರಕ್ಷಿತಾಳ ತಾಯಿ ಪಕ್ಕದ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಮನೆ ನೋಡಿಕೊಳ್ಳುವವರು ಅಜ್ಜಿ ಶಿವನಂಜಮ್ಮ. ಮಠದ ದಾಸೋಹದ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಹೆಂಗಸು. ಪಾಠ ಮುಗಿದ ವಾರಕ್ಕೆ ರಕ್ಷಿತಾ ಶಾಲೆಯ ವಾರ್ಷಿಕ ಸಂಚಿಕೆಗೆಂದು ಒಂದು ಕಥೆ ತಂದುಕೊಟ್ಟಳು. ಸಂಚಿಕೆಯ ಸಂಪಾದಕ ನಾನೇ. ಬೇರೆ ಯಾವ ಮೇಷ್ಟ್ರೂ ಆ ತಲೆನೋವನ್ನು ಹೊರಲು ತಯಾರಿಲ್ಲದ್ದರಿಂದ ಅದು ಹದಿನಾಲ್ಕು ವರ್ಷದಿಂದ ನನ್ನ ಹೆಗಲ ಮೇಲಿದೆ.

ಕಥೆಯ ಹೆಸರು 'ಅವ್ವನ ಅವ್ವನ ಅವ್ವ'. ಪಕ್ಷದ ಹಬ್ಬದ ದಿನ ಒಬ್ಬ ಅಜ್ಜಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾಳೆ. ಎಲೆ ಹಾಸಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವಾಗಿತ್ತೋ ಅದನ್ನೇ ಬಡಿಸಿ, ಹಿರಿಯರು ಬಂದು ಉಣ್ಣಲಿ ಎಂದು ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ನಮ್ಮ ಕಡೆ ಮನೆಮನೆಯಲ್ಲೂ ನಡೆಯುವಂಥದ್ದೇ ಇದು. ಕಥೆಯ ಹುಡುಗಿ ಮಾತ್ರ ಒಳಗೇ ಅಡಗಿ ಕೂರುತ್ತಾಳೆ. ಮೊದಲು ತಾತ ಬಂದು ಕಜ್ಜಾಯ ತಿನ್ನುತ್ತಾನೆ. ಆಮೇಲೆ ಯಾರೋ ಒಬ್ಬ ಮುದುಕಿ ಬಂದು ಹುರಿಗಡಲೆ, ಬೆಲ್ಲದ ಮುಂದೆ ಕೂತು, ತಿನ್ನದೆ, ನನ್ನ ಮಗ ಉಂಡನಾ ಎಂದು ಕೇಳುತ್ತಾಳೆ. ಆಮೇಲೆ ಮುತ್ತಜ್ಜಿ. ಅವಳು ಮುದ್ದೆ ಮುರಿಯುತ್ತ, ನಮ್ಮವ್ವ ಹೊರಗೆ ನಿಂತಿದ್ದಾಳೆ, ಕರೆಯಲಾ ಎನ್ನುತ್ತಾಳೆ. ಆ ಅವ್ವ ಬಂದು ತನ್ನ ಅವ್ವನನ್ನು ಕರೆಯುತ್ತಾಳೆ. ಹೀಗೆ ಸಾಲು ಬೆಳೆದು ಬೀದಿ ದಾಟಿ, ರಿಂಗ್ ರೋಡಿನ ಆಚೆಗೆ ಹೋಗುತ್ತದೆ. ಬರಬರುತ್ತ ಸೀರೆ ಹೋಗಿ ತೊಗಲು ಬರುತ್ತದೆ, ಮಾತು ಕಡಿಮೆಯಾಗುತ್ತದೆ. ರಾಗಿ ಕಾಣದವಳು ಗೆಡ್ಡೆ ಕೇಳುತ್ತಾಳೆ. ಬೆಂಕಿ ಕಾಣದವಳು ಬೆಂದದ್ದನ್ನು ಮೂಸಿ ಬಿಡುತ್ತಾಳೆ. ಕೊನೆಗೆ ಮೈತುಂಬ ಕೂದಲಿರುವ ಒಬ್ಬಳು ನೆಲಕ್ಕೆ ಕೈಯೂರಿ ನಡೆದು ಬಂದು ಹೊಸಿಲ ಆಚೆಯೇ ಕೂತುಬಿಡುತ್ತಾಳೆ. ಅವಳಿಗೆ ಏನಿಷ್ಟ ಎಂದು ಯಾರಿಗೂ ಗೊತ್ತಿಲ್ಲ. ಅಜ್ಜಿ ಬಾಗಿಲು ತೆರೆದು ನೋಡಿ, ಹೆದರದೆ, ಕೊನೆಯ ಎಲೆಯ ಮೇಲೆ ಒಂದು ಚೊಂಬು ನೀರಿಟ್ಟು, 'ನಾಚ್ಕೋಬ್ಯಾಡ ಕಣವ್ವ, ಒಳಕ್ ಬಾ, ನೀನೂ ನಮ್ಮವ್ಳೇ' ಎನ್ನುತ್ತಾಳೆ.

ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ಓದಿ ಮುಗಿಸಿದೆ. ಎರಡು ಪೀರಿಯಡ್ಡಿನಲ್ಲಿ ನಾನು ಹೇಳಲಾಗದ್ದನ್ನು ಈ ಹುಡುಗಿ ನಾಲ್ಕು ಹಾಳೆಯಲ್ಲಿ ಹೇಳಿದ್ದಳು. ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಹೊಗಳುವ ಬದಲು ಹುಳುಕು ಹುಡುಕಲು ಕೂತೆ. ಅದು ನನ್ನ ಸ್ವಭಾವ.

"ಚೆನ್ನಾಗಿದೆ ಕಣಮ್ಮ. ಆದ್ರೆ ವಿಜ್ಞಾನದ ಮೇಷ್ಟ್ರು ದೆವ್ವದ ಕಥೆ ಹಾಕಿದ್ರು ಅಂತ ಜನ ನಗಲ್ವಾ? ದೆವ್ವ ಬಿಟ್ಟು ಬರಿ" ಎಂದೆ.

"ದೆವ್ವ ಅಲ್ಲ ಸಾ, ಹಿರೀಕ್ರು."

"ಸತ್ತ ಮೇಲೆ ಬರೋರಿಗೆ ಇನ್ನೇನಂತಾರೆ?"

"ನೀವೇ ಅಲ್ವಾ ಸಾ ಹೇಳಿದ್ದು, ಅವ್ರೆಲ್ಲ ನಮ್ ಮೈಯಲ್ಲೇ ಇದಾರೆ ಅಂತ. ಇದ್ರೆ ಬರ್ಬೌದಲ್ಲ."

ಇನ್ನೊಂದು ಹುಳುಕು ಹಿಡಿದೆ. "ಈ ಹುರಿಗಡಲೆ ಮುದುಕಿ ಯಾರು? ಅವಳು ಯಾರ ಅವ್ವನೂ ಅಲ್ಲ, ಕಥೆಗೂ ಬೇಕಾಗಿಲ್ಲ. ಕಿತ್ತಾಕು."

"ಅದೊಂದು ಬ್ಯಾಡ ಸಾ. ನಮ್ಮಜ್ಜಿ ನಿಜವಾಗ್ಲೂ ಅಂಗೇ ಒಂದು ಎಲೆ ಇಡ್ತಾರೆ. ನಮ್ಮನೆಯವ್ರಲ್ಲ, ಬೇರೆ ಯಾರೋ. ಹೆಸರು ಕೇಳಿದ್ರೆ ಹೇಳಲ್ಲ. ತೆಗುದ್ರೆ ಬೈತಾರೆ."

ಸರಿ, ಇರಲಿ ಎಂದೆ. ಹುರಿಗಡಲೆ ಬೆಲ್ಲ ಎಂದು ಓದಿಯೂ ನನಗೆ ಏನೂ ನೆನಪಾಗಲಿಲ್ಲ. ಕಥೆಯಲ್ಲಿ ನನಗೆ ಕಂಡದ್ದು ಮಂಗ ಮತ್ತು ದೆವ್ವ, ಅವೆರಡೇ.

ಸಂಸ್ಥಾಪಕರ ದಿನದಂದು ಸಂಚಿಕೆ ಬಿಡುಗಡೆಯಾಯಿತು. ಮೂರನೆಯ ದಿನ ಮಠದ ಕಾರ್ಯದರ್ಶಿ ಸಿದ್ದಲಿಂಗಸ್ವಾಮಿಯವರ ಫೋನು ಬಂತು. "ಮೇಷ್ಟ್ರೇ, ಏನ್ರೀ ಇದು, ನಮ್ಮ ಹಿರಿಯರ ಪಂಕ್ತೀಲಿ ಕೋತಿ ಕೂರ್ಸಿದೀರಂತೆ? ಟ್ರಸ್ಟಿನವರೆಲ್ಲ ಕೆಂಡ ಆಗವ್ರೆ. ಬುದ್ದಿಯವರು ಕರೀತಾವ್ರೆ, ಈಗ್ಲೇ ಬನ್ನಿ."

ಬುದ್ದಿಯವರು ತಮ್ಮ ಕೋಣೆಯಲ್ಲಿ ಮಣೆಯ ಮೇಲೆ ಕೂತಿದ್ದರು. ಎದುರಿಗೆ ಸಂಚಿಕೆ ತೆರೆದಿತ್ತು. ನಾನು ನಮಸ್ಕಾರ ಮಾಡಿ ಚಾಪೆಯ ಮೇಲೆ ಕೂತೆ. ಅವರಿಗೆ ಸಿಟ್ಟು ಬಂದರೆ ಧ್ವನಿ ಇಳಿಯುತ್ತದೆ, ಹಾಸ್ಟೆಲಿನಿಂದಲೂ ಹಾಗೆಯೇ. ಆ ದಿನ ಅವರ ಮಾತು ಕೇಳಲು ನಾನು ಮುಂದಕ್ಕೆ ಬಾಗಬೇಕಾಯಿತು.

"ಕುಡಿದು ಬಿದ್ದಿರೋರನ್ನ ಎಬ್ಬಿಸಿ ಕೂರ್ಸಿ, ನೀನು ಮನುಷ್ಯ ಕಣಪ್ಪ, ಪ್ರಾಣಿ ಅಲ್ಲ ಅಂತ ಹೇಳಿ ಎಷ್ಟೋ ಜನರನ್ನ ದಾರಿಗೆ ತಂದಿದೀನಿ ಮೇಷ್ಟ್ರೇ. ನನ್ನ ಹತ್ರ ಇರೋದು ಆ ಒಂದು ಮಾತು. ನೀವು ಮಕ್ಕಳಿಗೆ ಆ ಮಾತೇ ಸುಳ್ಳು ಅಂತ ಹೇಳ್ಕೊಟ್ರೆ ನಾನು ಇನ್ನೇನು ಹೇಳ್ಲಿ?"

"ಸುಳ್ಳು ಅನ್ನಲ್ಲ ಬುದ್ದಿ. ಪ್ರಾಣಿಯಿಂದ ಬಂದ್ರೂ ಮನುಷ್ಯ ಮನುಷ್ಯನೇ. ಅದಕ್ಕೆ ಮೂಳೆ ಸಾಕ್ಷಿ ಇದೆ, ರಕ್ತ ಸಾಕ್ಷಿ ಇದೆ."

"ಇರಬಹುದು. ಸಾಕ್ಷಿ ಇರೋದನ್ನೆಲ್ಲ ಮಕ್ಕಳ ಮುಂದೆ ಇಡಬೇಕಾ? ಅದಿರಲಿ. ಸತ್ತವರು ಹಸ್ಕೊಂಡು ಬಾಗಿಲಿಗೆ ಬರ್ತಾರೆ ಅಂತ ಬರೆದಿದಾಳಲ್ಲ, ಅದಕ್ಕೆ ಯಾವ ಸಾಕ್ಷಿ ಇದೆ ನಿಮ್ಮ ಹತ್ರ?" ಅವರ ಬೆರಳು ಸಂಚಿಕೆಯ ಹಾಳೆಯ ಮೇಲೆ ಒಂದು ಕಡೆ ನಿಂತಿತ್ತು. "ನಮ್ಮಲ್ಲಿ ಹೋದವರು ಲಿಂಗದಲ್ಲಿ ಒಂದಾದವರು. ಅವರಿಗೆ ಹಸಿವಿಲ್ಲ, ಬಾಯಾರಿಕೆ ಇಲ್ಲ, ಯಾರನ್ನೂ ಕೇಳೋದಿಲ್ಲ. ಅವರು ಯಾರದೋ ಮನೆ ಎಲೆ ಮುಂದೆ ಬಂದು ಕೂರ್ತಾರೆ ಅನ್ನೋದು ಎಂಥ ಕ್ರೂರ ಮಾತು, ಯೋಚನೆ ಮಾಡಿದೀರಾ?"

ನಾನು ಯೋಚನೆ ಮಾಡಿರಲಿಲ್ಲ. ನನಗೆ ಬೇಡವಾಗಿದ್ದ ದೆವ್ವ ಅವರಿಗೂ ಬೇಡ ಎನ್ನುವುದನ್ನು ಕೇಳಿ ಒಳಗೊಳಗೇ ನಗು ಬಂತು. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ತೀರ್ಪು ಆಗಲೇ ಬರೆದಾಗಿತ್ತು. ಸಂಚಿಕೆಯಿಂದ ಕಥೆಯ ಹಾಳೆಗಳನ್ನು ತೆಗೆಯಬೇಕು. ಹುಡುಗಿ ತಪ್ಪಾಯಿತೆಂದು ಬರೆದುಕೊಡಬೇಕು. ಸೋಮವಾರದ ಪ್ರಾರ್ಥನೆಗೆ ಬುದ್ದಿಯವರೇ ಬರುತ್ತಾರೆ, ಅವರ ಎದುರು ನಾನು ಎಲ್ಲ ಮಕ್ಕಳಿಗೂ ಮನುಷ್ಯ ಪ್ರಾಣಿಯಿಂದ ಬಂದ ಎಂಬ ಪಾಠ ನಿಜವಲ್ಲ ಎಂದು ಹೇಳಬೇಕು.

"ಇಲ್ಲದಿದ್ರೆ?" ಎಂದೆ.

"ಇಲ್ಲದಿದ್ರೆ ಹುಡುಗಿ ಟೀಸಿ ತಗೊಂಡೋಗ್ತಾಳೆ ಕಣ್ರೀ, ಇನ್ನೇನು" ಎಂದರು ಸಿದ್ದಲಿಂಗಸ್ವಾಮಿ. ಬುದ್ದಿಯವರು ಬೇಡ ಎನ್ನಲಿಲ್ಲ.

ಎಸ್ಸೆಸ್ಸೆಲ್ಸಿ ಮಗುವಿಗೆ ವರ್ಷದ ನಡುವೆ ಟೀಸಿ ಕೊಟ್ಟರೆ ಬೇರೆ ಯಾವ ಶಾಲೆಯವರೂ ಸೇರಿಸಿಕೊಳ್ಳುವುದಿಲ್ಲ. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ, ಅಮ್ಮನ ಜೊತೆ ಶಿಫ್ಟಿನ ಬಸ್ಸು ಹತ್ತುತ್ತಾಳೆ. ಅಂಥ ಎಷ್ಟೋ ಹುಡುಗಿಯರನ್ನು ನಾನು ನೋಡಿದ್ದೇನೆ. ಆಗಲಿ ಬುದ್ದಿ ಎಂದೆ. ಹುಡುಗಿಯ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಮಠದ ಆ ಕೋಣೆಯಲ್ಲಿ ಕೂತರೆ ನನಗೆ ಈಗಲೂ ಅನ್ನಕ್ಕೆ ಕಾದು ಕೂತ ಹುಡುಗನ ಧ್ವನಿಯೇ ಬರುತ್ತದೆ.

ಮರುದಿನ ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು, ಮಕ್ಕಳಿಗಿನ್ನೂ ಹಂಚಿರದ ಸಂಚಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡೆ. ಗಿಡದ ಕಾಂಡವನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಲು ಇಟ್ಟಿದ್ದ ಬ್ಲೇಡು ಅದು. ಹೊಲಿಗೆಯ ಪಕ್ಕದಲ್ಲೇ, ಬೇರೆಯವರ ಲೇಖನಕ್ಕೆ ತಾಗದಂತೆ, ನೀಟಾಗಿ ಕತ್ತರಿಸಿದೆ. ಕೆಲಸ ಅಚ್ಚುಕಟ್ಟಾಗಿರಬೇಕು ಎಂಬ ಚಪಲ ಆಗಲೂ ಬಿಡಲಿಲ್ಲ. ತಲೆಯೆತ್ತಿದಾಗ ಕಿಟಕಿಯ ಆಚೆ ರಕ್ಷಿತಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

ಒಳಗೆ ಕರೆದೆ. ತಪ್ಪೊಪ್ಪಿಗೆಯ ವಿಷಯ ಹೇಳಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಯಾವುದು ತಪ್ಪು ಸಾ? ಅಜ್ಜಿ ಎಡೆ ಇಡೋದಾ, ನೀವು ಮಾಡಿದ ಪಾಠನಾ?"

"ಎರಡೂ ಅಲ್ಲ ಕಣಮ್ಮ. ನೀನು ಪರೀಕ್ಷೆ ಬರೀಬೇಕಲ್ಲ."

"ಎರಡೂ ತಪ್ಪಲ್ಲ ಅಂದ್ರೆ ಯಾಕ್ ಸಾ ಕತ್ತರಿಸ್ತಿದೀರಿ?"

ನನಗೆ ರೇಗಿತು. ಉತ್ತರವಿಲ್ಲದಾಗ ಮೇಷ್ಟ್ರುಗಳಿಗೆ ರೇಗುವುದು ಹೊಸದೇನಲ್ಲ. "ದೊಡ್ಡವರಿಗೆ ಎದುರು ಮಾತಾಡಬೇಡ, ಶನಿವಾರ ಅಜ್ಜಿನ ಕರ್ಕೊಂಡು ಮಠಕ್ಕೆ ಬಾ" ಎಂದು ಗದರಿಸಿ ಕಳಿಸಿದೆ. ಅವಳು ಹೋದ ಮೇಲೆ ಕತ್ತರಿಸಿದ ಹಾಳೆಗಳನ್ನು ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ದಾರ ಕಟ್ಟಿ ಬೀರುವಿನಲ್ಲಿ ಇಟ್ಟೆ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮಠದ ಕೋಣೆಯಲ್ಲಿ ನಾವೆಲ್ಲ ಸೇರಿದೆವು. ಶಿವನಂಜಮ್ಮ ಅಡುಗೆಮನೆಯಿಂದ ಹಾಗೆಯೇ ಕೈ ಒರೆಸಿಕೊಂಡು ಬಂದಿದ್ದರು. ಸಿದ್ದಲಿಂಗಸ್ವಾಮಿ ಟೈಪು ಮಾಡಿಸಿ ತಂದಿದ್ದ ಕಾಗದವನ್ನು ರಕ್ಷಿತಾಳ ಮುಂದಿಟ್ಟು ಪೆನ್ನು ಕೊಟ್ಟರು. ಹುಡುಗಿ ಎರಡು ಸಲ ಓದಿದಳು. ಸಹಿ ಹಾಕಲಿಲ್ಲ.

"ಏನಮ್ಮ ಯೋಚನೆ?" ಎಂದರು ಬುದ್ದಿಯವರು.

"ಬುದ್ದಿ, ಇದ್ರಲ್ಲಿ ನಾನು ಬರ್ದಿದ್ದೆಲ್ಲ ತಪ್ಪು ಅಂತ ಇದೆ. ಯಾವುದು ತಪ್ಪು ಅಂತ ಹೇಳಿದ್ರೆ ಅದನ್ನ ಒಪ್ಕೋತೀನಿ."

ಸಿದ್ದಲಿಂಗಸ್ವಾಮಿ ಕೆಮ್ಮಿದರು. ಸಹಿ ಹಾಕು ಮಗಳೇ, ಹಾಕಿ ಓದಿಕೋ ಹೋಗು ಎಂದು ಕೂಗಬೇಕೆನ್ನಿಸಿತು. ಹಾಕಬೇಡ ಎಂದೂ ಅನ್ನಿಸಿತು. ಎರಡನ್ನೂ ಹೇಳದೆ ಕೂತಿದ್ದೆ.

"ಹೋದವರು ಉಣ್ಣೋಕೆ ಬರ್ತಾರೆ ಅನ್ನೋದು ತಪ್ಪು" ಎಂದರು ಬುದ್ದಿಯವರು, ಧ್ವನಿ ಇನ್ನೂ ಇಳಿಸಿ. "ಅವರಿಗೆ ಎಲೆ ಹಾಕಿ ಕಾಯೋದು ತಪ್ಪು."

ಆಗ ಶಿವನಂಜಮ್ಮ ಮೊಮ್ಮಗಳ ಮುಂದಕ್ಕೆ ಬಂದು ನಿಂತರು. "ಅಂಗಾದ್ರೆ ತಪ್ಪು ನಂದು ಬುದ್ದಿ, ಮಗೀದಲ್ಲ. ನಾ ಮಾಡಿದ್ದು ನೋಡ್ಕಂಡು ಬರೆದದೆ. ನಮ್ಮ ಮನೆ ಹಿರೀಕರ್ದು ನಾ ಎಂಗೋ ನೋಡ್ಕತೀನಿ. ಆ ಒಂದು ಎಲೆ ಮಾತ್ರ ತಮ್ಮನ್ನ ಕೇಳ್ದೆ ಬುಡಂಗಿಲ್ಲ. ಮಡಗ್ಬ್ಯಾಡ ಅಂತ ತಾವೇ ಒಂದು ಮಾತು ಹೇಳ್ಬುಡಿ, ಈ ವರ್ಷದಿಂದ ನಿಲ್ಲುಸ್ಬುಡ್ತೀನಿ."

"ಯಾವ ಎಲೆ ತಾಯಿ?"

ಶಿವನಂಜಮ್ಮ ಸಿದ್ದಲಿಂಗಸ್ವಾಮಿಯವರ ಕಡೆ ನೋಡಿದರು. "ಕಾರ್ಯದರ್ಶಿಗಳು ಒಸಿ ಆಚೆ ಹೋದ್ರೆ ಹೇಳ್ತೀನಿ."

ಬುದ್ದಿಯವರು ತಲೆಯಾಡಿಸಿದರು. ಸಿದ್ದಲಿಂಗಸ್ವಾಮಿ ಮುಖ ಗಂಟುಹಾಕಿಕೊಂಡು ಹೊರಗೆ ಹೋದರು. ಬಾಗಿಲು ಹಾಕಿದ ಮೇಲೆ ಶಿವನಂಜಮ್ಮ ನೆಲ ನೋಡುತ್ತ ಹೇಳಿದರು.

"ಹುಣ್ಣಿಮೆಗೆ ಬತ್ತಿದ್ರಲ್ಲ ಬುದ್ದಿ, ಆ ಅಮ್ನೋರ್ದು."

ತಾಯಿ ಎಂಬ ಮಾತನ್ನು ಅವರು ಆಡಲಿಲ್ಲ. ಸ್ವಾಮಿಗಳಿಗೆ ತಾಯಿ ಇರುವಂತಿಲ್ಲವಲ್ಲ.

"ತಮ್ಮ ಪಾದಕ್ಕೆ ಬಿದ್ದು ಬಂದು, ಅಡುಗೆಮನೆ ಜಗಲಿ ಮ್ಯಾಲೆ ನನ್ ತಾವ ಕೂತ್ಕತಿದ್ರು. ಕೊನೇ ಸಲ ಬಂದಾಗ ಕೈ ಹಿಡ್ಕಂಡು ಅಂದ್ರು, ಶಿವನಂಜಿ, ನಾನೋದ್ರೆ ಎಡೆ ಮಡಗೋರು ಯಾರೂ ಇಲ್ಲ, ಇರೋನು ಒಬ್ಬ, ಅವ್ನು ಮಡಗಂಗಿಲ್ಲ, ನೀನೊಂದು ಎಲೆ ಹಾಕ್ಬುಡು ಕಣವ್ವ ಅಂತ. ಒಂಬತ್ತು ವರ್ಷದಿಂದ ಹಾಕ್ತಿವ್ನಿ ಬುದ್ದಿ. ಮನೇಲೂ ಯಾರ್ಗೂ ಹೆಸರು ಹೇಳಿಲ್ಲ."

ಮೊನ್ನೆ ಇದೇ ಕೋಣೆಯಲ್ಲಿ ಬುದ್ದಿಯವರ ಬೆರಳು ಸಂಚಿಕೆಯ ಯಾವ ಸಾಲಿನ ಮೇಲೆ ನಿಂತಿತ್ತು ಎಂಬುದು ನನಗೆ ಈಗ ತಿಳಿಯಿತು. ಅವರನ್ನು ಕಾಡಿದ್ದು ಹೊಸಿಲಾಚೆ ಕೂತ ಮಂಗನಲ್ಲ. ತನ್ನ ಮಗ ಉಂಡನಾ ಎಂದು ಕೇಳಿದ ಆ ಮುದುಕಿ.

"ಏನು ಬಡಿಸ್ತೀರಿ ತಾಯಿ?" ಎಂದು ಬುದ್ದಿಯವರು ಕೇಳಿದರು.

"ಹುರಿಗಡಲೆ, ಬೆಲ್ಲ ಬುದ್ದಿ. ಅವ್ರಿಗೆ ಬಲು ಇಷ್ಟ. ಬಂದಾಗೆಲ್ಲ ಸೆರಗಿನ ತುದೀಲಿ ಗಂಟು ಕಟ್ಕಂಡೇ ಬರೋರು."

"ಹುಣ್ಣಿಮೆಗೂ ತರ್ತಿದ್ರಾ?"

"ಊಂ ಬುದ್ದಿ, ಪ್ರತೀ ಸಲವೂ. ಬಿಚ್ತಿರ್ಲಿಲ್ಲ. ಅಂಗೇ ವಾಪಸ್ ತಗೊಂಡೋಗೋರು."

ನನಗೆ ಆಗ ನೆನಪಾಯಿತು, ಯಾವ ಪುಣ್ಯಕ್ಕೋ. ಹಾಸ್ಟೆಲಿನ ಬೇವಿನ ಮರದ ಕೆಳಗೆ, ಭಾನುವಾರಗಳಂದು, ಎರಡು ಬಸ್ಸು ಬದಲಿಸಿ ಬಂದ ಆ ತಾಯಿ ಸೆರಗಿನ ಗಂಟು ಬಿಚ್ಚಿ ನಮ್ಮಿಬ್ಬರ ಅಂಗೈಗೂ ಹುರಿಗಡಲೆ, ಬೆಲ್ಲ ಸುರಿಯುತ್ತಿದ್ದರು. ನಮ್ಮವ್ವ ಅಷ್ಟು ದೂರ ಬರಲಾರದವಳು ಎಂದು ನನಗೆ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದರು. ನಾವು ತಿನ್ನುವುದನ್ನು ನೋಡುತ್ತ ಕೂರುತ್ತಿದ್ದರು. ಅವರು ತಿಂದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಆ ಋಣವನ್ನು ಕಥೆಯಿಂದ ಕಿತ್ತುಹಾಕು ಎಂದವನು ನಾನು.

"ಅದು ಅವರಿಗೆ ಇಷ್ಟ ಇದ್ದದ್ದಲ್ಲ ತಾಯಿ" ಎಂದರು ಬುದ್ದಿಯವರು. "ಅದು ನನಗೆ ತರ್ತಿದ್ದದ್ದು."

ಶಿವನಂಜಮ್ಮ ಬಾಯಿಯ ಮೇಲೆ ಸೆರಗಿಟ್ಟುಕೊಂಡರು. ಒಂಬತ್ತು ವರ್ಷ ತಾಯಿಯ ಎಲೆಗೆ ತಾವು ಬಡಿಸಿದ್ದು ಮಗನ ಪಾಲಿನದು ಎಂಬುದು ಅವರಿಗೆ ತಟ್ಟಿತ್ತು. "ಅಯ್ಯೋ ಶಿವನೇ. ಅಂಗಾದ್ರೆ ಅವ್ರಿಗೆ ಏನಿಷ್ಟ ಬುದ್ದಿ? ಹೇಳಿ, ಈ ಸಲ ಅದನ್ನೇ ಮಡಗ್ತೀನಿ."

ಬುದ್ದಿಯವರು ಹೇಳಲು ಬಾಯಿ ತೆರೆದರು. ತೆರೆದವರು ಹಾಗೆಯೇ ಉಳಿದರು. ಆಮೇಲೆ ನನ್ನ ಕಡೆ ನೋಡಿದರು. ನಲವತ್ತೈದು ವರ್ಷದ ಹಿಂದೆ ಗಣಿತದ ಉತ್ತರ ಮರೆತಾಗ ನೋಡುತ್ತಿದ್ದ ನೋಟ ಅದು. ನನಗೂ ಗೊತ್ತಿರಲಿಲ್ಲ. ತಲೆಯಲ್ಲಾಡಿಸಿದೆ.

"ಗೊತ್ತಿಲ್ಲ" ಎಂದರು. ಪೀಠದಿಂದ ಮಾತಾಡುವ ಧ್ವನಿಯಾಗಿರಲಿಲ್ಲ ಅದು. "ಹತ್ತು ವರ್ಷಕ್ಕೆ ಇಲ್ಲಿಗೆ ಬಂದೆ. ಅವರು ಏನು ಇಷ್ಟಪಟ್ಟು ತಿಂತಿದ್ರು ಅಂತ ನಾನು ನೋಡ್ಲೇ ಇಲ್ಲ. ಗೊತ್ತಿಲ್ಲ."

ರಕ್ಷಿತಾ ಅಜ್ಜಿಯ ಹಿಂದಿನಿಂದಲೇ ಮೆಲ್ಲಗೆ ಹೇಳಿದಳು.

"ಗೊತ್ತಿಲ್ದೋರಿಗೆ ನೀರು ಇಡ್ತಾರೆ ಬುದ್ದಿ. ನಾನು ಅಂಗೇ ಬರ್ದಿರೋದು."

ಬುದ್ದಿಯವರು ಆ ಹುಡುಗಿಯನ್ನು ನೋಡುತ್ತ ಕೂತರು. ಆಮೇಲೆ ಅವಳ ಮುಂದಿದ್ದ ಕಾಗದವನ್ನು ತಾವೇ ಎತ್ತಿಕೊಂಡು, ನಾಲ್ಕು ಮಡಿಕೆ ಮಾಡಿ, ಮಣೆಯ ಕೆಳಗೆ ಸೇರಿಸಿದರು.

"ಮಗು ಇಲ್ಲೇ ಪರೀಕ್ಷೆ ಬರೀಲಿ" ಎಂದರು. ನನ್ನತ್ತ ತಿರುಗಿ, "ನಿಮ್ಮ ಪಾಠ ನೀವು ಮಾಡಿ ಮೇಷ್ಟ್ರೇ. ನಾನು ಒಪ್ಪಿದೀನಿ ಅಂತಲ್ಲ" ಎಂದರು.

"ಎಲೆ ಬುದ್ದಿ?" ಎಂದು ಶಿವನಂಜಮ್ಮ ಕೇಳಿದರು. "ಮಡಗ್ಲಾ, ಬ್ಯಾಡ್ವಾ?"

ಅವರು ಕಣ್ಣು ಮುಚ್ಚಿಕೊಂಡರು. ನಾವು ನಮಸ್ಕಾರ ಮಾಡಿ ಹೊರಗೆ ಬಂದೆವು.

ಸೋಮವಾರ ಪ್ರಾರ್ಥನೆಗೆ ಅವರು ಬರಲಿಲ್ಲ. ನಾನು ಮಕ್ಕಳ ಮುಂದೆ ನಿಂತು, ಸಂಚಿಕೆಯಿಂದ ರಕ್ಷಿತಾಳ ಕಥೆಯನ್ನು ಕತ್ತರಿಸಿದ್ದು ನಾನು, ಅದು ತಪ್ಪು ಎಂದಷ್ಟೇ ಹೇಳಿದೆ. ಹಾಳೆಗಳನ್ನು ಮತ್ತೆ ಸೇರಿಸಲು ಮಠದಿಂದ ಮಾತು ಬರಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ಗ್ರಂಥಾಲಯದ ಪ್ರತಿಯಲ್ಲಿ ಈಗಲೂ ನಲವತ್ತನೆಯ ಪುಟದ ಮುಂದೆ ನಲವತ್ತೈದು ಇದೆ. ಬೀರುವಿನಲ್ಲಿದ್ದ ಕಟ್ಟನ್ನು ರಕ್ಷಿತಾಳಿಗೆ ಕೊಟ್ಟೆ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡಳು. ಹೇಳುವುದನ್ನೆಲ್ಲ ಅವಳು ಆಗಲೇ ಹೇಳಿ ಮುಗಿಸಿದ್ದಳು.

ಮಹಾಲಯ ಅಮಾವಾಸ್ಯೆಯ ದಿನ ಶಿವನಂಜಮ್ಮ ನನ್ನನ್ನು ಊಟಕ್ಕೆ ಕರೆದಿದ್ದರು. ಎಡೆ ಇಡುವ ಮನೆಗೆ ನಾನು ಹೋದದ್ದು ಎಷ್ಟೋ ವರ್ಷದ ಮೇಲೆ. ನಮ್ಮ ಮನೆಯಲ್ಲಿ ಅದನ್ನು ನಿಲ್ಲಿಸಿದವನು ನಾನೇ, ಅದೂ ಬಹಳ ಹೆಮ್ಮೆಯಿಂದ. ಹೂಟಗಳ್ಳಿಯ ಆ ಎರಡು ಕೋಣೆಯ ಮನೆಯ ಪಡಸಾಲೆಯಲ್ಲಿ ಎಲೆಗಳನ್ನು ಹಾಸಿದ್ದರು. ಕಜ್ಜಾಯ, ವಡೆ, ಪಾಯಸ, ಒಂದು ಎಲೆಯ ಮುಂದೆ ತಾತನ ಕನ್ನಡಕ. ಗೋಡೆಯ ಪಕ್ಕದ ಕೊನೆಯ ಎಲೆ ಬರಿದಾಗಿತ್ತು. ಶಿವನಂಜಮ್ಮ ಅದರ ಮುಂದೆ ನಿಂತುಕೊಂಡು, "ಬುದ್ದಿಯವರು ಏನೂ ಹೇಳ್ಲಿಲ್ವಲ್ಲ ಮೇಷ್ಟ್ರೇ, ಏನ್ ಮಾಡ್ಲಿ" ಎನ್ನುತ್ತಿದ್ದರು.

ಹನ್ನೆರಡರ ಹೊತ್ತಿಗೆ ಬಾಗಿಲ ಮುಂದೆ ಮಠದ ಜೀಪು ನಿಂತಿತು. ಸಿದ್ದಲಿಂಗಸ್ವಾಮಿ ಇಳಿದರು. ಅವರ ಎರಡೂ ಕೈಯಲ್ಲಿ ಬಟ್ಟೆಯಿಂದ ಬಾಯಿ ಕಟ್ಟಿದ ಒಂದು ಹಿತ್ತಾಳೆ ಚೊಂಬು ಇತ್ತು. ದಾರಿಯುದ್ದಕ್ಕೂ ತುಳುಕಿ ಅವರ ಬಿಳಿಯ ಪಂಚೆ ಒದ್ದೆಯಾಗಿತ್ತು.

"ತಗೊಳ್ಳಮ್ಮ" ಎಂದರು ಬೇಸರದಿಂದ. "ಮಠದ ನೆಲಬಾವಿ ನೀರಂತೆ. ಬೆಳಿಗ್ಗೆ ಬುದ್ದಿಯವರೇ ಮೆಟ್ಲಿಳಿದು ಹೋಗಿ ತುಂಬಿದ್ರು, ಆ ಮಂಡಿನೋವಿನಲ್ಲಿ. ಯಾರ ಕೈಗೂ ಕೊಡ್ಬೇಡ, ಶಿವನಂಜಮ್ಮನ ಕೈಗೇ ಕೊಡು ಅಂದ್ರು. ಯಾಕೆ ಅಂತ ಕೇಳಿದ್ರೆ ಹೇಳಲ್ಲ. ನಿಮ್ಮನೇಲಿ ನಲ್ಲಿ ಬರಲ್ವಾ?"

ಶಿವನಂಜಮ್ಮ ಚೊಂಬನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಬಟ್ಟೆ ಬಿಚ್ಚಿ ಕೊನೆಯ ಎಲೆಯ ಮೇಲೆ ಇಟ್ಟರು. ಬೇರೇನೂ ಬಡಿಸಲಿಲ್ಲ. ಎಲ್ಲರೂ ಹೊರಗೆ ಬಂದೆವು, ಅವರು ಬಾಗಿಲು ಎಳೆದುಕೊಂಡರು. ಬೀದಿಯ ಕೊನೆಯಲ್ಲಿ ಹೆಬ್ಬಾಳದ ಕಡೆಗೆ ಹೋಗುವ ಬಸ್ಸೊಂದು ತಿರುಗಿತು. ರಕ್ಷಿತಾಳ ತಾಯಿ ರಾತ್ರಿ ಪಾಳಿ ಮುಗಿಸಿ ಬಂದವರು ಗೋಡೆಗೊರಗಿ ಕೂತಿದ್ದರು.

ಸತ್ತವರು ಬರುವುದಿಲ್ಲ. ಇದು ನನಗೆ ಗೊತ್ತು, ಬುದ್ದಿಯವರಿಗೂ ಗೊತ್ತು, ಕಾರಣ ಮಾತ್ರ ಬೇರೆ ಬೇರೆ. ಬಾಗಿಲು ತೆರೆದಾಗ ಚೊಂಬಿನಲ್ಲಿ ನೀರು ಇಟ್ಟಷ್ಟೇ ಇರುತ್ತದೆ ಎಂಬುದೂ ಗೊತ್ತು. ಆದರೂ ಆ ಮುಚ್ಚಿದ ಬಾಗಿಲ ಮುಂದೆ ನನ್ನ ಕಣ್ಣು ತುಂಬಿಕೊಂಡವು. ಕೈ ಕಟ್ಟಿಕೊಂಡು ಅಲ್ಲೇ ನಿಂತಿದ್ದೆ.

ರಕ್ಷಿತಾ ನನ್ನ ತೋಳು ಮುಟ್ಟಿದಳು.

"ಸಾ, ಒಸಿ ಈ ಕಡೆ ಬನ್ನಿ" ಎಂದಳು. "ದಾರಿಗೆ ಅಡ್ಡ ನಿಂತಿದೀರಿ."

ಚಪ್ಪಲಿ ಬಿಟ್ಟು, ಗೋಡೆಯ ಪಕ್ಕಕ್ಕೆ ಸರಿದು ನಿಂತೆ.